ಏಳನೇ ಬಾವಿಯ ಅಂಕಿ

ಜನವರಿ 9

ಅಪ್ಪಾ,

ಬರುವ ಮಾರ್ಚ್ ತಿಂಗಳ ನೀರು ಶುದ್ಧವಾಗಿದೆ ಎಂದು ಸರ್ಕಾರ ಈ ಜನವರಿಯಲ್ಲೇ ಅಚ್ಚು ಹಾಕಿಸುತ್ತಿದೆ. ಆ ನೀರು ಇನ್ನೂ ನೆಲದೊಳಗಿದೆ. ಯಾರೂ ಅದನ್ನು ಮೇಲೆತ್ತಿಲ್ಲ, ಸೀಸೆಗೆ ತುಂಬಿಲ್ಲ, ಪ್ರಯೋಗಾಲಯಕ್ಕೆ ಕಳಿಸಿಲ್ಲ. ಆದರೂ ಅದರಲ್ಲಿ ಕ್ರೋಮಿಯಂ ಎಷ್ಟಿದೆ ಎಂಬುದು ನನ್ನ ಮೇಜಿನ ಮೇಲಿರುವ ಹಾಳೆಗೆ ಗೊತ್ತು. ನಮ್ಮೂರಿನ ಒಂಬತ್ತು ಕೊಳವೆ ಬಾವಿಗಳಿಗೂ ಅಂಕಿ ತುಂಬಿದ್ದಾರೆ. ಕೆಳಗೆ ‘ಮಾದರಿ ಸಂಗ್ರಹಿಸಿದವರು’ ಎಂಬ ಗೆರೆಯ ಮೇಲೆ ನಿನ್ನ ಸಹಿ ಇದೆ.

ಎರಡು ವರ್ಷದ ಮೇಲೆ ಬರೆಯುವ ಮೊದಲ ಪತ್ರವನ್ನು ಕ್ಷೇಮಸಮಾಚಾರದಿಂದ ಶುರು ಮಾಡಬೇಕಿತ್ತು. ಆಗಲಿಲ್ಲ. ಫೋನ್ ಮಾಡಿದರೆ ಹಲೋ ಮುಗಿಯುವ ಮೊದಲೇ ಇಬ್ಬರೂ ಜಗಳಕ್ಕೆ ನಿಲ್ಲುತ್ತೇವೆ. ಕಾಗದವಾದರೆ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಸುಮ್ಮನಿರಲೇಬೇಕು.

ನಾನು ಸರ್ಕಾರಿ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವಳು ಎಂದು ಅತ್ತೆ ಹೇಳಿರಬೇಕು. ಹನ್ನೆರಡು ಮೇಜು, ಆರು ಜೋಡಿ. ಜೋಡಿಯಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟು ತಪ್ಪು ಹಿಡಿಯುತ್ತಾ ಹೋಗುತ್ತಾರೆ. ಈ ತಿಂಗಳು ನಾವು ಓದುತ್ತಿರುವುದು ‘ಹಸಿರು ಪ್ರಗತಿ ವರದಿ’. ಮುಖಪುಟದಲ್ಲಿ ಒಂದು ಎಲೆ. ಮುನ್ನುಡಿಯಲ್ಲಿ ಮಂತ್ರಿಗಳು, ಹತ್ತು ವರ್ಷದ ಗುರಿಯನ್ನು ಆರೇ ವರ್ಷದಲ್ಲಿ ಮುಟ್ಟಿದ್ದೇವೆ ಎಂದಿದ್ದಾರೆ. ಹೇಗೆ ಮುಟ್ಟಿದರು ಎಂಬುದು ಈಗ ನನಗೆ ತಿಳಿಯಿತು. ನಡೆದು ಹೋಗಿ ಮುಟ್ಟಲಿಲ್ಲ, ಗೆರೆಯನ್ನೇ ಕಾಲಬಳಿಗೆ ಎಳೆದುಕೊಂಡರು.

61ನೇ ಪುಟ ಓದಿದಾಗ ನನ್ನ ಬೆರಳು ನಿಂತಿತು. ಎರಡು ವರ್ಷ ಸತತವಾಗಿ ಮಿತಿ ಮೀರದ ಊರುಗಳನ್ನು ‘ಗುರಿ ತಲುಪಿದ ಊರು’ ಎಂದು ಘೋಷಿಸುತ್ತಾರಂತೆ. ಏಪ್ರಿಲ್ ಒಂದರಿಂದ ಅಂಥ ಊರುಗಳಲ್ಲಿ ನೀರಿನ ಪರೀಕ್ಷೆ ನಿಲ್ಲುತ್ತದೆ. ಸಿಬ್ಬಂದಿಯನ್ನು ಬೇರೆಡೆಗೆ ಕಳಿಸುತ್ತಾರೆ. ಪಟ್ಟಿಯಲ್ಲಿ ನಮ್ಮೂರು ನಾಲ್ಕನೆಯದು.

ನಲ್ಲಿ, ಬೀಗಗಳಿಗೆ ಕ್ರೋಮಿಯಂ ಹೊಳಪು ಹಾಕಿ ಕೊಳೆನೀರನ್ನು ನೆಲಕ್ಕೆ ಬಿಡುವ ಆ ಪ್ಲೇಟಿಂಗ್ ಶೆಡ್ಡುಗಳ ಮುಂದೆ ನಾನು ಕರಪತ್ರ ಹಂಚಿದ ದಿನ ನೀನು ಬಂದು ಎಲ್ಲರೆದುರು ಕಟ್ಟನ್ನು ಕಿತ್ತುಕೊಂಡೆ. ‘ಇದರಲ್ಲಿ ಬೈಗುಳ ಬಿಟ್ಟು ಒಂದಾದ್ರೂ ಅಂಕಿ ಇದೆಯೇನೇ?’ ಅಂದೆ. ಆ ಸಂಜೆಯೇ ನಾನು ಮನೆ ಬಿಟ್ಟೆ. ಈಗ ಅಂಕಿಗಳನ್ನು ಓದುವುದೇ ನನ್ನ ಕೆಲಸವಾಗಿದೆ. ಆದ್ದರಿಂದ ಕೇಳುತ್ತೇನೆ: ಇನ್ನೂ ಬಾರದ ನೀರಿಗೆ ನೀನು ಸಹಿ ಹಾಕಿದ್ದೀಯಾ?

ನಿನ್ನ ಮಗಳು

•

ಜನವರಿ 21

ಚೂಟಿ,

ಬೈದಿದ್ದೀಯ ಅಂದ ಮೇಲೆ ಆರೋಗ್ಯವಾಗಿದ್ದೀಯ. ಸಂತೋಷ.

ಮಾರ್ಚ್ ತಿಂಗಳಿಗೆ ನಾನು ಸಹಿ ಹಾಕಿಲ್ಲ. ನನ್ನ ಸಹಿಯದೊಂದು ರಬ್ಬರ್ ಸ್ಟ್ಯಾಂಪು ಆಫೀಸಿನ ಡ್ರಾಯರಿನಲ್ಲಿದೆ. ಮಂಡಿ ನೋವಿನಿಂದ ನಾನು ಮಲಗಿದ್ದಾಗ ಮಾಡಿಸಿದ್ದು. ಈಗ ಅದು ನನಗಿಂತ ಚುರುಕು. ರಜೆಯನ್ನೂ ಕೇಳುವುದಿಲ್ಲ.

61ನೇ ಪುಟದ ವಿಷಯ ನಿನ್ನ ಕಾಗದದಿಂದಲೇ ಗೊತ್ತಾಗಿದ್ದು. ನಿನ್ನೆ ಸಾಹೇಬರ ಕೋಣೆಗೆ ಹೋದೆ.

‘ನಮ್ಮೂರಲ್ಲಿ ಇನ್ಮೇಲೆ ನೀರು ಪರೀಕ್ಷೆ ಇಲ್ವಂತೆ, ಹೌದಾ ಸಾರ್?’

‘ಜ್ವರ ಬಿಟ್ಟ ಮೇಲೂ ಥರ್ಮಾಮೀಟರ್ ಬಾಯಲ್ಲಿಟ್ಕೊಂಡು ಓಡಾಡ್ತಾರೇನ್ರೀ?’

‘ಜ್ವರ ಬಿಟ್ಟಿದೆ ಅಂತ ಯಾರು ನೋಡಿದ್ರು ಸಾರ್?’

ಸಾಹೇಬರು ನಕ್ಕರು. ಫೈಲು ಮುಚ್ಚಿ, ‘ನಿಮ್ಮ ಮಗಳು ಪ್ರೆಸ್ಸಿನಲ್ಲಿ ಇದಾಳೆ ಅಂದ್ರಲ್ಲ, ಚೆನ್ನಾಗಿದಾಳಾ?’ ಅಂತ ಕೇಳಿದರು. ನಾನು ಯಾವತ್ತೂ ಅವರಿಗೆ ಹಾಗೆ ಹೇಳಿರಲಿಲ್ಲ.

ಈಗ ನಿನಗೆ ಹೇಳದೆ ಇಟ್ಟುಕೊಂಡಿದ್ದ ಒಂದು ಮಾತು. ನೀನು ಮನೆ ಬಿಟ್ಟ ವರ್ಷದ ಅಕ್ಟೋಬರಿನಲ್ಲಿ ಏಳನೇ ಬಾವಿಯ ಅಂಕಿ 0.40 ಬಂತು. ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ. ಮಿತಿ 0.05. ಅಂದರೆ ಇರಬಹುದಾದ್ದಕ್ಕಿಂತ ಎಂಟು ಪಟ್ಟು. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಏನೂ ಇಲ್ಲ, ಗಾಜಿನಂಥ ನೀರು. ಉಳಿದ ಎಂಟು ಬಾವಿಗಳು ಎಂದಿನಂತೆ 0.02, 0.03.

ಸಾಲಿನಲ್ಲಿ ಒಂದು ಅಂಕಿ ಎದ್ದು ನಿಂತರೆ ಮೊದಲು ನಿನ್ನ ಕೈಯನ್ನೇ ಅನುಮಾನಿಸು ಅಂತ ನಿನಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದೆ. ಹಾಗೇ ಮಾಡಿದೆ. ಮತ್ತೆ ಹೋದೆ. ಪಂಪು ಹತ್ತು ನಿಮಿಷ ಓಡಲು ಬಿಟ್ಟು, ಅದೇ ನೀರಿನಿಂದ ಸೀಸೆಯನ್ನು ಮೂರು ಸಲ ತೊಳೆದು, ತುಂಬಿ ತಂದೆ. 0.41. ಮೂರನೇ ಸಲ ಹೋದೆ. 0.40. ಆಮೇಲೆ ಆ ಅಂಕಿಯನ್ನು ಯಾರ ಕೈಗೂ ಕೊಡದೆ ನಾನೇ ಬಸ್ಸು ಹತ್ತಿ ಕೇಂದ್ರ ಕಚೇರಿಯ ರಿಜಿಸ್ಟರಿನಲ್ಲಿ ಬರೆಸಿ, ಸ್ವೀಕೃತಿ ತೆಗೆದುಕೊಂಡು ಬಂದೆ.

ಕಾನೂನು ಇದೆ. ಮಿತಿ ಮೀರಿದ ಅಂಕಿ ವಾರ್ಷಿಕ ವರದಿಯಲ್ಲಿ ಅಚ್ಚಾದರೆ ಮೂವತ್ತು ದಿನದೊಳಗೆ ಬಾವಿ ಮುಚ್ಚಿ ಬೇರೆ ನೀರು ಕೊಡಬೇಕು. ಅಚ್ಚಾಗುವವರೆಗೆ ಆ ಕಾನೂನು ಎದ್ದೇಳುವುದಿಲ್ಲ. ಐದು ತಿಂಗಳು ಕಾದೆ. ಪುಸ್ತಕ ಬಂತು. ಏಳನೇ ಬಾವಿ: 0.04. ಮಿತಿಯೊಳಗೆ.

ಸಾಹೇಬರು, ‘ಏನೋ ಅಂಕಿ ಹಿಂದುಮುಂದಾಗಿತ್ತಂತೆ, ಅಚ್ಚಿನವರು ಸರಿ ಮಾಡಿದಾರೆ’ ಅಂದರು. ಮಾರನೇ ದಿನ ಏಳನೇ ಬಾವಿಯ ಬೀಗದ ಕೈಯನ್ನು ನನ್ನಿಂದ ವಾಪಸ್ ಪಡೆದು ಗುತ್ತಿಗೆಯವನಿಗೆ ಕೊಟ್ಟರು.

ಕೆಳಗಿನ ಬೀದಿಯ ಮುನ್ನೂರು ಮನೆಗೂ ನಮ್ಮ ಮನೆಗೂ ಅತ್ತೆಯ ಲಾಂಡ್ರಿಗೂ ಅದೇ ನೀರು. ಕುಡಿಯಲು ನಾನು ಮೇಲಿನ ಬೀದಿಯಿಂದ ಕ್ಯಾನಿನಲ್ಲಿ ಹೊತ್ತು ತರುತ್ತೇನೆ. ಬೇರೆಯವರಿಗೂ ಹೇಳಿದೆ. ‘ಸರ್ಕಾರದ ಪುಸ್ತಕದಲ್ಲೇ ಸರಿ ಇದೆ ಅಂತ ಇದೆಯಲ್ಲ, ನಿಂಗೇನು ಬಂತು?’ ಅಂತ ನನಗೇ ಪುಟ ತೆಗೆದು ತೋರಿಸಿದರು.

ನೀನು ಅದೇ ಪ್ರೆಸ್ಸಿನಲ್ಲಿದ್ದೀಯ. ಆಗ ಸೇರಿದ್ದೆಯೋ ಇಲ್ಲವೋ ಗೊತ್ತಿಲ್ಲ. ಆ ಅಂಕಿಯನ್ನು ತಿದ್ದಿದ ಬುದ್ಧಿವಂತ ಯಾರು ಅಂತ ಪತ್ತೆ ಮಾಡಲು ಆಗುತ್ತದೆಯೇ? ಬೈಯಲು ಅಲ್ಲ. ಒಂದು ಸಲ ನೋಡಬೇಕು ಅನ್ನಿಸಿದೆ.

ಅತ್ತೆಗೆ ಬೆರಳು ಹುಣ್ಣಾಗಿದೆ, ಅದಕ್ಕೆ ಅವಳು ಬರೆದಿಲ್ಲ.

ಅಪ್ಪ

•

ಫೆಬ್ರವರಿ 3

ಅಪ್ಪಾ,

ಕಾಗದ ಸಿಕ್ಕಿತು. ಹುಡುಕುತ್ತಿದ್ದೇನೆ. ಹಳೆಯ ಪ್ರೂಫುಗಳನ್ನು ಮೂರು ವರ್ಷ ನೆಲಮಾಳಿಗೆಯಲ್ಲಿ ಇಟ್ಟು ಆಮೇಲೆ ಅರೆಯಲು ಕಳಿಸುತ್ತಾರೆ. ಹಾಗಾಗಿ ಇನ್ನೂ ಇರಬೇಕು. ಬೀಗದ ಕೈ ಫೋರ್ಮನ್ ಹತ್ತಿರ. ಅವರು ಒಳ್ಳೆಯ ಮನಸ್ಸಿನಲ್ಲಿರುವ ದಿನ ನೋಡಿ ಕೇಳಬೇಕು.

ಕಳೆದ ಫೆಬ್ರವರಿಯಲ್ಲಿ ನಾನು ಇದೇ ಮೇಜಿನಲ್ಲಿ ಕೂತಿದ್ದೆ. ಆಗ ವರದಿಯಲ್ಲಿ ಊರುಗಳ ಹೆಸರೂ ಸಹಿಗಳೂ ಇರಲಿಲ್ಲ, ಸಂಕೇತ ಸಂಖ್ಯೆ ಮಾತ್ರ. ನಾನೂರು ಕೋಷ್ಟಕಗಳಿದ್ದವು. ಆರು ಜೋಡಿಗಳಲ್ಲಿ ಯಾರಿಗೆ ಯಾವುದು ಬಂದಿತ್ತೋ ಹೇಳಲಾಗುವುದಿಲ್ಲ.

ಅತ್ತೆಯ ಕೈ ಹೇಗಿದೆ? ನೀನು ಒಂದೇ ಸಾಲಿನಲ್ಲಿ ಹೇಳಿ ದಾಟಿಬಿಟ್ಟೆ.

ನಿನ್ನ ಮಗಳು

•

ಫೆಬ್ರವರಿ 12

ಪುಟ್ಟಾ,

ನಿನ್ನ ಅತ್ತೆ ಬರೆಯುವುದು. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಪೆನ್ನು ಹಿಡಿಯುವ ಬೆರಳಿಗೇ ಬಟ್ಟೆ ಸುತ್ತಿದ್ದೇನೆ.

ಹುಣ್ಣು ಅಂದರೆ ನೋವಿನ ಹುಣ್ಣಲ್ಲ. ಅದೇ ನನಗೆ ಭಯ. ಉಗುರಿನ ಬುಡದಲ್ಲಿ, ಗೆಣ್ಣಿನ ಮೇಲೆ, ಯಾರೋ ಕೊರೆದ ಹಾಗೆ ದುಂಡಗೆ ತೂತು. ಒಂದು ಕಡಲೆಕಾಳು ಕೂರುವಷ್ಟು ಆಳ. ಒತ್ತಿದರೂ ನೋಯುವುದಿಲ್ಲ. ಡಾಕ್ಟರು ಸೋಪು ಬದಲಾಯಿಸಿ ಅಂದರು. ಮೂರು ಸೋಪು ಬದಲಾಯಿಸಿದೆ. ಲಾಂಡ್ರಿಯಲ್ಲಿ ನನ್ನ ಜೊತೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಇಬ್ಬರಿಗೂ ಶುರುವಾಗಿದೆ. ಅವರಲ್ಲಿ ಚಿಕ್ಕವಳು, ‘ಅಕ್ಕಾ, ನಾವು ಬಟ್ಟೆ ಒಗೀತಿದೀವೋ, ನಮ್ಮನ್ನೇ ಯಾರಾದ್ರೂ ಒಗೀತಿದಾರೋ?’ ಅಂದಳು. ನಗು ಬಂತು. ಆಮೇಲೆ ಅವಳ ಮೂಗಿನಿಂದ ರಕ್ತ ಬಂತು. ಅದು ಈಗ ವಾರಕ್ಕೆ ಎರಡು ಸಲ.

ಊರ ಬಾಗಿಲಿನಲ್ಲಿ ಒಂದು ದೊಡ್ಡ ಫಲಕ ನಿಲ್ಲಿಸಿ ಬಟ್ಟೆ ಮುಚ್ಚಿದ್ದಾರೆ. ಏಪ್ರಿಲ್ ಒಂದಕ್ಕೆ ಬಿಚ್ಚುತ್ತಾರಂತೆ. ಗಾಳಿಗೆ ಒಂದು ಮೂಲೆ ಎದ್ದಾಗ ‘ಗುರಿ’ ಅಂತ ಕಾಣುತ್ತದೆ.

ನಿನಗೊಂದು ವಿಷಯ ಹೇಳಬೇಕು. ನಿಮ್ಮಪ್ಪ ಹೇಳುವವನಲ್ಲ. ನೀನು ಹೋದ ಮೇಲೆ ಅಣ್ಣ ನಿನ್ನ ಕರಪತ್ರ ಒಂದನ್ನು ಮಡಿಸಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ. ಕನ್ನಡಕ ತೆಗೆದಾಗಲೆಲ್ಲ ಅದೂ ಹೊರಗೆ ಬರುತ್ತಿತ್ತು. ಆ ಅಕ್ಟೋಬರಿನಲ್ಲಿ ಬಸ್ಸಿಗೆ ಹೊರಟಾಗ ನಾನು ಅಡ್ಡ ನಿಂತೆ. ‘ಮೂವತ್ತು ವರ್ಷ ಸುಮ್ಮನಿದ್ದು ಈಗ ಯಾಕೆ ಮೈಮೇಲೆ ಎಳ್ಕೊಳ್ತೀಯ?’ ಅಂದೆ. ‘ಅಂಕಿ ಇಲ್ಲ ಅಂತ ಬೀದೀಲಿ ಅವಳ ಮಾನ ತೆಗೆದೆ. ಅಂಕಿ ಕೊಡಬೇಕಾದವನು ನಾನೇ ಅಲ್ವೇನೇ?’ ಅಂದ. ಅಷ್ಟೇ ಮಾತು.

ಅದು 0.04 ಆಗಿ ಬಂದ ದಿನ ಅವನು ಊಟ ಬಿಡಲಿಲ್ಲ, ಕೂಗಾಡಲಿಲ್ಲ. ಪುಸ್ತಕವನ್ನು ಮುಚ್ಚಿ, ಮತ್ತೆ ತೆಗೆದು, ಬೆರಳಿನಿಂದ ಆ ಸಾಲನ್ನು ಒರೆಸಿ ನೋಡಿದ. ಧೂಳು ಕೂತಿರಬಹುದು ಅನ್ನುವ ಹಾಗೆ.

ಪತ್ತೆ ಆದರೆ ಬೇಗ ಬರಿ.

ನಿನ್ನ ಅತ್ತೆ

•

ಫೆಬ್ರವರಿ 22

ಅಪ್ಪಾ,

ನಿನ್ನ ಅಂಕಿಯನ್ನು ತಿದ್ದಿದವಳು ನಾನು.

ಹುಡುಕುತ್ತಿದ್ದೇನೆ ಎಂದು ಬರೆದ ದಿನವೇ ನನಗೆ ಅನುಮಾನ ಬಂದಿತ್ತು. ಆದರೂ ಆರು ಜೋಡಿ, ನಾನೂರು ಕೋಷ್ಟಕ ಎಂದೆಲ್ಲ ಬರೆದು ಆ ಲೆಕ್ಕದ ಹಿಂದೆ ಅಡಗಿ ಕೂತೆ. ಅತ್ತೆಯ ಕಾಗದ ಬಂದ ಮೇಲೆ ಅಡಗಿರಲು ಜಾಗ ಉಳಿಯಲಿಲ್ಲ.

ನಮ್ಮ ಫೋರ್ಮನ್‌ಗೆ ನಾವು ಇಟ್ಟ ಹೆಸರು ಕಾಗುಣಿತ. ಹೋಗಿ ಬೀಗದ ಕೈ ಕೇಳಿದೆ.

‘ಏನು ಹುಡುಕ್ತೀಯಮ್ಮ?’

‘ಕಳೆದ ವರ್ಷದ ಹಸಿರು ವರದಿ. ಒಂದು ತಪ್ಪಾಗಿದೆ ಅನ್ಸುತ್ತೆ.’

‘ಅಚ್ಚಾಗಿ ಹೋದ ತಪ್ಪಿಗೆ ಈಗ ಯಾರು ಅಳ್ತಾರೆ? ತಪ್ಪು ಹಿಡಿಯೋಕೆ ನಿಂಗೆ ಸಂಬಳ. ನಿಜ ಹಿಡಿಯೋಕಲ್ಲ.’

‘ಎರಡೂ ಒಂದೇ ಅಂದ್ಕೊಂಡಿದ್ದೆ ಸಾರ್.’

‘ಹೊಸಬರೆಲ್ಲ ಹಾಗೇ ಅಂದ್ಕೊಂಡಿರ್ತಾರೆ,’ ಎಂದರು. ಆಮೇಲೆ ಬೀಗ ತೆಗೆದು, ‘ಚಹಾಕ್ಕೆ ಹೋಗ್ತೀನಿ. ನಾನು ಬರೋ ಹೊತ್ತಿಗೆ ನೀನು ಇಲ್ಲಿರಬಾರದು. ಬೀಗ ತೆಗೆದದ್ದು ನಂಗೂ ನೆನಪಿರಬಾರದು,’ ಎಂದು ಹೊರಟರು.

ಕಟ್ಟುಗಳು ಛಾವಣಿಯವರೆಗೆ ಇದ್ದವು. ಸಿಕ್ಕಿತು. ಒಂಬತ್ತು ಸಾಲಿನ ಕೋಷ್ಟಕ. ಎಂಟು ಸಾಲುಗಳಲ್ಲಿ 0.02, 0.03. ಏಳನೆಯದರಲ್ಲಿ 0.40. ಅದರ ಸುತ್ತ ಹಸಿರು ಶಾಯಿಯ ವೃತ್ತ. ಅಂಚಿನಲ್ಲಿ ನನ್ನ ಕೈಬರಹ: ‘ಅಂಕಿ ಅದಲುಬದಲಾಗಿದೆಯೇ? 0.04 ಆಗಬೇಕೆ?’

ಮೂಲಪ್ರತಿಯಲ್ಲೂ 0.40 ಎಂದೇ ಇತ್ತು. ಅಚ್ಚಿನ ಮೊಳೆ ಜೋಡಿಸಿದವರು ತಪ್ಪಿರಲಿಲ್ಲ. ನನ್ನ ಪಾಲಿಗೆ ಅದು ಬಾವಿಯಾಗಿರಲಿಲ್ಲ, ನೀರಾಗಿರಲಿಲ್ಲ, ಒಂದು ಸಾಲಿನಲ್ಲಿ ಎದ್ದು ನಿಂತ ಅಂಕಿಯಾಗಿತ್ತು. ಎದ್ದು ನಿಂತರೆ ಅನುಮಾನಿಸು ಎಂದು ನೀನು ಹೇಳಿದ್ದು ನೆನಪಿತ್ತು. ಅನುಮಾನ ಬಂದರೆ ನೀನು ಮತ್ತೆ ನೀರು ತರಲು ಹೋಗುತ್ತಿದ್ದೆ. ನಾನು ಪೆನ್ನು ತೆಗೆದೆ.

ನನ್ನ ಪ್ರಶ್ನೆಯ ಪಕ್ಕದಲ್ಲಿ ಇಲಾಖೆಯ ಉತ್ತರ ಕೆಂಪು ಶಾಯಿಯಲ್ಲಿದೆ: ‘ಹೌದು. ಸರಿಪಡಿಸಿ. ಧನ್ಯವಾದ.’ ಒಂದು ಸುಳ್ಳನ್ನು ಕಟ್ಟುವ ಕಷ್ಟವನ್ನೂ ನಾನು ಅವರಿಗೆ ಕೊಡಲಿಲ್ಲ. ಅವರು ತಲೆಯಾಡಿಸಿದರೆ ಸಾಕಿತ್ತು. ಎಚ್ಚರಿಕೆಯ ಕೆಲಸಗಾರ್ತಿ ಎಂದು ಇಲಾಖೆಯಿಂದ ಒಂದು ಪ್ರಶಂಸಾಪತ್ರ ಬಂತು. ನನ್ನ ಕೆಲಸ ಖಾಯಂ ಆಗಿದ್ದು ಅದರಿಂದ. ನಮ್ಮೂರು ಎರಡು ವರ್ಷ ಮಿತಿ ಮೀರಲಿಲ್ಲ ಎನ್ನುವುದಕ್ಕೆ ಅಡ್ಡ ಇದ್ದದ್ದು ಆ ಒಂದೇ ಅಂಕಿ. ಅಂದರೆ ಊರ ಬಾಗಿಲಿನ ಫಲಕವೂ ನನ್ನದೇ.

ಎಷ್ಟೋ ಕರಪತ್ರಗಳಲ್ಲಿ ಓದಿದ್ದೇನೆ, ನಾನೇ ಬರೆದಿದ್ದೇನೆ: ಸುಮ್ಮನಿರುವವರೇ ಅಪರಾಧಿಗಳು ಎಂದು. ಸುಮ್ಮನಿರದೆ, ಶ್ರದ್ಧೆಯಿಂದ, ಚೆಂದದ ಕೈಬರಹದಲ್ಲಿ ಅಪರಾಧ ಮಾಡುವವರ ಬಗ್ಗೆ ಯಾವುದರಲ್ಲೂ ಇರಲಿಲ್ಲ.

ಹಾಳೆಯನ್ನು ಅಲ್ಲಿ ಬಿಟ್ಟು ಬರಲಿಲ್ಲ. ಇದು ಕಳ್ಳತನ, ಗೊತ್ತು. ಈಗ ಅದು ನನ್ನ ಬಳಿ ಇದೆ. ಏನು ಮಾಡಬೇಕು ಹೇಳು. ಒಂದು ಸಲ ನೋಡಬೇಕು ಎಂದಿದ್ದೆಯಲ್ಲ, ನೋಡಲು ಒಪ್ಪುತ್ತೀಯಾ ಎಂದೂ ಹೇಳು.

ಚೂಟಿ

•

ಮಾರ್ಚ್ 8

ಅಪ್ಪಾ,

ಎರಡು ವಾರವಾಯಿತು. ನೀನು ಬರೆದಿಲ್ಲ. ಬರೆಯದೇ ಇರುವ ಹಕ್ಕು ನಿನಗಿದೆ.

ಈ ಬೆಳಿಗ್ಗೆ ನನ್ನ ಮೇಜು ಬದಲಾಯಿಸಿದರು. ಇನ್ನು ಮೇಲೆ ಕ್ಯಾಲೆಂಡರ್ ವಿಭಾಗವಂತೆ, ರಜಾದಿನಗಳ ಪಟ್ಟಿ ತಿದ್ದುವುದು. ಕಾರಣ ಕೇಳಿದೆ. ಕಾಗುಣಿತ ನನ್ನ ಮುಖ ನೋಡದೆ, ‘ನೆಲಮಾಳಿಗೆಯಲ್ಲಿ ಯಾವುದೋ ಹಾಳೆ ಕಾಣೆಯಾಗಿದೆ ಅಂತ ಮೇಲಿಂದ ಫೋನ್ ಬಂತು. ಒಂದು ವರ್ಷದಿಂದ ಆ ಕಟ್ಟು ಕೇಳಿದವರೇ ಇಲ್ಲ. ಅಲ್ಲಿ ಏನಿತ್ತು ಅಂತ ಮೇಲಿನವರಿಗೆ ಹೇಗೆ ಗೊತ್ತಾಯ್ತಮ್ಮ?’ ಎಂದರು.

ನನಗೂ ಅದೇ ಪ್ರಶ್ನೆ. ಹಾಳೆಯ ವಿಷಯ ನಾನು ಯಾರಿಗೂ ಹೇಳಿಲ್ಲ. ನಿನಗೊಬ್ಬನಿಗೆ ಬರೆದಿದ್ದೆ.

ನನ್ನ ಕಾಗದ ನಿನಗೆ ಸಿಕ್ಕಿತೇ? ಬೈದಾದರೂ ಒಂದು ಸಾಲು ಬರಿ.

ಚೂಟಿ

•

ಮಾರ್ಚ್ 17

ಪುಟ್ಟಾ,

ಇದನ್ನು ಪೋಸ್ಟಿಗೆ ಹಾಕುತ್ತಿಲ್ಲ. ಆಸ್ಪತ್ರೆಯ ಬಟ್ಟೆ ಗಾಡಿಯ ಡ್ರೈವರ್ ನಿಮ್ಮ ಕಡೆ ಬರುತ್ತಾನೆ, ಅವನ ಕೈಲಿ ಕೊಡುತ್ತಿದ್ದೇನೆ. ಅವನ ಎದುರಿಗೇ ಓದಬೇಡ.

ನಿನ್ನ ಕೊನೆಯ ಎರಡು ಕಾಗದವೂ ಬಂದವು. ಎರಡೂ ತೆರೆದು ಮತ್ತೆ ಅಂಟಿಸಿದ್ದವು. ಅಂಟು ಇನ್ನೂ ಹಸಿ ಇತ್ತು. ಪೋಸ್ಟ್ ಮಾಸ್ಟರನ್ನು ಕೇಳಿದರೆ, ‘ದೂರದಿಂದ ಬರೋ ಕಾಗದ, ದಾರೀಲಿ ಬಿಚ್ಕೊಳ್ಳುತ್ತಮ್ಮ’ ಅಂದ. ನನ್ನ ಕಣ್ಣು ತಪ್ಪಿಸಿ ತಕ್ಕಡಿ ಒರೆಸುತ್ತಾ ನಿಂತ.

ನೀನು ತಪ್ಪೊಪ್ಪಿದ ಕಾಗದ ಓದಿ ಅಣ್ಣ ಎರಡು ದಿನ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ. ಮೂರನೇ ದಿನ ಕೂತು ಬರೆದ. ನಾಲ್ಕು ಪುಟ. ಏನು ಬರೆದೆ ಅಂತ ಕೇಳಿದ್ದಕ್ಕೆ, ‘ಅವಳಿಗೆ ಬರೆದದ್ದು ಅವಳು ಓದ್ತಾಳೆ ಬಿಡು’ ಅಂದ. ತಾನೇ ಹೋಗಿ ಡಬ್ಬಿಗೆ ಹಾಕಿ ಬಂದ. ನೀನು ಮಾರ್ಚ್ ಎಂಟರಂದು ಉತ್ತರವಿಲ್ಲ ಅಂತ ಬರೆದದ್ದು ನೋಡಿ ಅವನ ಮುಖ ಬೂದಿಯಾಯಿತು.

ಈಗ ಅವನನ್ನು ದಿನಾ ಒಂಬತ್ತಕ್ಕೆ ಆಫೀಸಿಗೆ ಕರೆಸುತ್ತಾರೆ. ಕೆಲಸ ಇಲ್ಲ. ಸಾಹೇಬರ ಕೋಣೆಯ ಹೊರಗಿನ ಬೆಂಚಿನಲ್ಲಿ ಐದರವರೆಗೆ ಕೂರಿಸುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಮಾದರಿ ಸೀಸೆಗಳ ಕೋಣೆಗೆ ಅರಗಿನ ಮುದ್ರೆ ಬಿದ್ದಿದೆ. ಮನೆಯ ಎದುರು ಒಂದು ಬಿಳಿ ಗಾಡಿ ನಿಲ್ಲುತ್ತದೆ. ಅದರಲ್ಲಿ ಇರುವವರು ಇಳಿಯುವುದೂ ಇಲ್ಲ, ಹೋಗುವುದೂ ಇಲ್ಲ. ಮೊನ್ನೆ ನಾನೇ ಹೋಗಿ, ‘ಯಾರನ್ನ ಕಾಯ್ತಿದೀರಪ್ಪ?’ ಅಂದೆ. ‘ಏಪ್ರಿಲ್ ಒಂದನ್ನ, ಅಕ್ಕಾ’ ಅಂದ ಒಬ್ಬ. ಮರ್ಯಾದೆಯಿಂದಲೇ ಅಂದ.

ಅಣ್ಣನ ತಲೆಯಲ್ಲಿ ಒಂದೇ ದಾರಿ ಇದೆ. ಹಳೆಯ ನಿಯಮವಂತೆ. ನೀರು ಬಳಸುವ ಒಬ್ಬರು, ಬೇರೆ ಇಲಾಖೆಯ ಒಬ್ಬ ಸರ್ಕಾರಿ ನೌಕರರು ಸಾಕ್ಷಿ ನಿಂತು, ಬೀದಿ ನಲ್ಲಿಯಲ್ಲಿ ನೀರು ಹಿಡಿದು, ಸೀಸೆಗೆ ಇಬ್ಬರ ಸಹಿ ಅಂಟಿಸಿ ಅದೇ ದಿನ ಪ್ರಯೋಗಾಲಯಕ್ಕೆ ಒಯ್ದರೆ ಅವರು ಬೇಡ ಅನ್ನುವಂತಿಲ್ಲ, ಬಂದ ಅಂಕಿಯನ್ನು ವರದಿಗೆ ಸೇರಿಸಲೇಬೇಕು. ಮಾರ್ಚ್ 31ರ ಸಂಜೆಯವರೆಗೆ ಮಾತ್ರ. ಮಾರನೇ ದಿನದಿಂದ ನಮ್ಮೂರಿನ ನೀರನ್ನು ಯಾವ ಪ್ರಯೋಗಾಲಯವೂ ಮುಟ್ಟುವುದಿಲ್ಲ.

ನೀರು ಬಳಸುವವಳು ನಾನಿದ್ದೇನೆ. ಕೈ ತೋರಿಸಿದರೆ ಸಾಕು. ಇನ್ನೊಂದು ಸಹಿಗೆ ಅಣ್ಣ ಶಾಲೆಯ ಮೇಷ್ಟ್ರನ್ನು ಕೇಳಿದ, ಕಂಪೌಂಡರನ್ನು ಕೇಳಿದ. ಮೇಷ್ಟ್ರು, ‘ನನ್ನ ತಮ್ಮ ಪ್ಲೇಟಿಂಗ್ ಶೆಡ್ಡಲ್ಲಿದಾನೆ, ತಪ್ಪು ತಿಳೀಬೇಡಿ’ ಅಂದರು. ಕಂಪೌಂಡರ್ ಬಾಗಿಲೇ ತೆಗೆಯಲಿಲ್ಲ.

ನೀನೂ ಸರ್ಕಾರಿ ನೌಕರಳು ಅಂತ ನಾನು ನೆನಪಿಸಿದೆ. ‘ಅವಳ ಸುದ್ದಿ ತೆಗೀಬೇಡ. ಸಹಿ ಹಾಕಿದರೆ ಆ ಹಾಳೆಯೂ ಹೊರಗೆ ಬರುತ್ತೆ. ಕೆಲಸ ಹೋಗುತ್ತೆ, ಕಳ್ಳಿ ಅಂತಾರೆ. ಅವಳು ಅಲ್ಲೇ ಇರಲಿ,’ ಅಂದ. ಇದನ್ನು ನಿನಗೆ ಬರೆಯಬೇಡ ಅಂತಲೂ ಅಂದ.

ಬರೆದಿದ್ದೇನೆ. ಲಾಂಡ್ರಿಯ ಚಿಕ್ಕವಳನ್ನು ನಿನ್ನೆ ಆಸ್ಪತ್ರೆಗೆ ಸೇರಿಸಿದರು. ಅವಳು ಒಗೆದ ಹಾಸಿಗೆಯ ಮೇಲೇ ಮಲಗಿದ್ದಾಳೆ.

ನಿನ್ನ ಅತ್ತೆ

•

ಮಾರ್ಚ್ 24

ಅಪ್ಪಾ,

ಈ ಕಾಗದವನ್ನು ಬೇಕೆಂದೇ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಇದರ ಜೊತೆಗೆ, ನೀರು ಹಿಡಿಯುವ ದಿನ, ಜಾಗ ಬರೆದು ‘ನೋಡಲು ಬನ್ನಿ’ ಎಂದ ಮುನ್ನೂರು ಕಾರ್ಡುಗಳನ್ನೂ ಹಾಕಿದ್ದೇನೆ, ಕೆಳಗಿನ ಬೀದಿಯ ಮನೆಗೊಂದರಂತೆ. ಇನ್ನೊಂದು ಮುನ್ನೂರು ಬಟ್ಟೆ ಗಾಡಿಯಲ್ಲಿ ಬರುತ್ತವೆ. ಒಂದು ದಾರಿ ಮುಚ್ಚಿದರೆ ಇನ್ನೊಂದು ಇರಲಿ. ಗುಟ್ಟಾಗಿ ಬಂದರೆ ಗುಟ್ಟಾಗಿಯೇ ತಡೆಯುತ್ತಾರೆ. ಬೀದಿಯೇ ಎದ್ದು ನೋಡುತ್ತಿದ್ದರೆ ತಡೆಯುವವರಿಗೂ ಒಂದು ಮುಖ ಬೇಕಾಗುತ್ತದೆ.

ನೀನು ಬರೆದ ನಾಲ್ಕು ಪುಟ ನನಗೆ ತಲುಪಲಿಲ್ಲ. ನನ್ನನ್ನು ಕ್ಷಮಿಸಿದ್ದೀಯೋ, ಮಗಳಲ್ಲ ಎಂದಿದ್ದೀಯೋ ನನಗೆ ಗೊತ್ತಿಲ್ಲ. ಅದು ಯಾರೋ ಅಪರಿಚಿತರಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ಯಾವುದಿದ್ದರೂ ಬರುತ್ತೇನೆ. ಬಂದ ಮೇಲೆ ಬಾಯಿಂದ ಹೇಳು.

ಪ್ರೂಫಿನ ಹಾಳೆಯನ್ನು ಮೂರು ಪ್ರತಿ ಮಾಡಿಸಿ ಮೂರು ಕಡೆ ಇಟ್ಟಿದ್ದೇನೆ. ತಪ್ಪು ಮಾಡಿದವಳು ನಾನು ಎಂದು ನನ್ನ ಕೈಯಿಂದಲೇ ಬರೆದು, ಸಹಿ ಮಾಡಿ, ಪ್ರತಿಯೊಂದಕ್ಕೂ ಲಗತ್ತಿಸಿದ್ದೇನೆ. ಇವತ್ತು ಮಧ್ಯಾಹ್ನ ಕಾಗುಣಿತರಿಗೆ ರಜೆ ಚೀಟಿ ಕೊಟ್ಟೆ. ಓದಿ, ‘ಕಾರಣ ಬರೆದಿಲ್ಲ’ ಅಂದರು. ‘ಅಪ್ಪನ್ನ ನೋಡೋಕೆ’ ಅಂದೆ. ‘ಎಷ್ಟು ದಿನ?’ ‘ಗೊತ್ತಿಲ್ಲ ಸಾರ್.’ ಅವರು ದಿನಗಳ ಜಾಗದಲ್ಲಿ ಒಂದು ಗೆರೆ ಎಳೆದು ಸಹಿ ಹಾಕಿದರು. ಆಮೇಲೆ ನನ್ನ ಗುರುತಿನ ಚೀಟಿಯನ್ನು ಇಸಿದುಕೊಂಡು ಹೋಗಿ ಕಚೇರಿಯ ಮೊಹರು ಹೊಸದಾಗಿ ಒತ್ತಿಸಿ ತಂದರು. ‘ನೌಕರಳು ಹೌದೋ ಅಲ್ಲವೋ ಅಂತ ಯಾರಾದ್ರೂ ಕೇಳಿದ್ರೆ ಮಾಸಿರಬಾರದು,’ ಅಂದರು. ಅವರಿಗೆ ನಾನು ಏನನ್ನೂ ಹೇಳಿರಲಿಲ್ಲ.

ಎರಡನೇ ಸಹಿ ನನ್ನದು, ಸೀಸೆಗಳನ್ನೂ ನಾನೇ ತರುತ್ತೇನೆ. ನೀನು ಬರಿಗೈಯಲ್ಲಿ ಬಾ. ನಲ್ಲಿ ಎಷ್ಟು ಹೊತ್ತು ಓಡಬೇಕು, ಸೀಸೆ ಎಷ್ಟು ಸಲ ತೊಳೆಯಬೇಕು, ನೀನು ಹೇಳುತ್ತಾ ಹೋಗು. ನಾನು ಮಾಡುತ್ತೇನೆ. ಈ ಸಲ ಯಾವ ಅಂಕಿ ಬಂದರೂ ಅದನ್ನು ಮುಟ್ಟುವುದಿಲ್ಲ.

ಅತ್ತೆಗೆ ಹೇಳು, ಕೈಗೆ ಸುತ್ತಿದ ಬಟ್ಟೆ ಬಿಚ್ಚಿಕೊಂಡು ಬರಲಿ.

ಭಾನುವಾರ ಸಂಜೆಯ ಬಸ್ಸು. ನನ್ನ ಜೊತೆ ಯಾರೂ ಇರುವುದಿಲ್ಲ. ಬಸ್ಸಿನಿಂದ ಇಳಿಯದೇ ಹೋದರೆ ಮೂರು ಪ್ರತಿಗಳೂ ತಾವಾಗಿಯೇ ಹೊರಡುತ್ತವೆ. ಎಲ್ಲಿಗೆ ಎಂದು ಇಲ್ಲಿ ಬರೆಯುವುದಿಲ್ಲ.

ನಿನ್ನ ಮಗಳು
ಚೂಟಿ

ಈ ಕಾಗದವನ್ನು ಅಪ್ಪನಿಗಿಂತ ಮೊದಲು ಓದುತ್ತಿರುವವರಿಗೆ: ಮತ್ತೆ ಅಂಟಿಸಿ ಕಳಿಸಿ, ಕೋಪವಿಲ್ಲ. ನಿಮ್ಮ ಮನೆಗೂ ನಲ್ಲಿ ಇರುತ್ತದೆ, ಅದು ಯಾವ ಬಾವಿಯದೆಂದು ಒಮ್ಮೆ ಕೇಳಿ ನೋಡಿ. ನೀವೂ ಬನ್ನಿ. ಕೆಳಗಿನ ಬೀದಿ, ಲಾಂಡ್ರಿಯ ಎದುರಿನ ನಲ್ಲಿ. ಮಾರ್ಚ್ 31, ಸೋಮವಾರ, ಬೆಳಿಗ್ಗೆ ಆರು ಗಂಟೆ.